ಶನಿಯಾಚೆ ಸತ್ತವನ ಸೂತಕ

ಗದಗ ಹೊಸ ಜಿಲ್ಲೆ ಆದದ್ದೇ ತಡ, ಊರಿನಲ್ಲಿ ಎಲ್ಲರಿಗೂ ಬಡ್ತಿ ಸಿಕ್ಕಿಬಿಟ್ಟಿತು. ನಿನ್ನೆಯವರೆಗೆ ಓಣಿಯ ಭಜನಾ ಮಂಡಳಿಯಾಗಿದ್ದದ್ದು ಜಿಲ್ಲಾ ಭಜನಾ ಮಂಡಳಿ ಆಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಕರಿಯುತ್ತಿದ್ದವನು ತನ್ನ ತಳ್ಳುಗಾಡಿಯ ಮೇಲೆ ‘ಜಿಲ್ಲಾ ಮಟ್ಟದ ಮಿರ್ಚಿ’ ಎಂದು ಬರೆಸಿದ. ಇಂಥ ಹೊತ್ತಿನಲ್ಲಿ ಬೆಟಗೇರಿಯ ಬಾಡಿಗೆ ಪುಸ್ತಕದಂಗಡಿಯ ನಜೀರಸಾಬ ಸುಮ್ಮನೆ ಕೂಡುವುದುಂಟೇ? ಅಂಗಡಿಗೆ ಬಂದು ಹೋಗುವ ಏಳೆಂಟು ಜನರನ್ನು ಹಿಡಿದು ‘ಗದಗ ಜಿಲ್ಲಾ ವಿಜ್ಞಾನ ಕಾದಂಬರಿ ಓದುಗರ ಬಳಗ’ ಕಟ್ಟಿ, ಬೇರೆ ಯಾರೂ ಕೇಳುವ ಮೊದಲೇ ತಾನು ಕಾರ್ಯದರ್ಶಿಯಾದ.

ಬಳಗ ಅಂದಮೇಲೆ ಒಂದು ಕಾರ್ಯಕ್ರಮ ಬೇಡವೇ? ಆಗ ಜಿಲ್ಲೆಯ ತುಂಬ ‘ಶನಿಯಾಚೆ’ ಎಂಬ ಒಂಬತ್ತು ಪುಸ್ತಕಗಳ ಮಾಲೆ ಕೈಯಿಂದ ಕೈಗೆ ಓಡಾಡುತ್ತಿತ್ತು. ಕ್ಯಾಪ್ಟನ್ ನಿರಂಜನನೆಂಬ ಧೀರ, ಅವನ ಆಕಾಶನೌಕೆ, ಅದರೊಳಗೊಬ್ಬಳು ಡಾಕ್ಟರ್ ಊರ್ಮಿಳಾ, ಹೆಜ್ಜೆಗೊಮ್ಮೆ ಎಡವಟ್ಟು ಮಾಡುವ ಒಂದು ಯಂತ್ರಮಾನವ. ಇವರೆಲ್ಲ ಶನಿಗ್ರಹ ದಾಟಿ ಹೋಗಿ ಪಡುವ ಪಾಡೇ ಅದರ ಕಥೆ. ಈ ಒಂಬತ್ತರಲ್ಲಿ ಅತಿ ಕರಾಳವಾದದ್ದು ಯಾವುದು, ಅತಿ ಹಗುರಾದದ್ದು ಯಾವುದು ಎಂದು ಸಾರ್ವಜನಿಕವಾಗಿ ತೀರ್ಪು ಕೊಡುವುದು, ಕರಾಳ ಪುಸ್ತಕಕ್ಕೆ ಕಪ್ಪು ಶಾಲು, ಹಗುರಾದದ್ದಕ್ಕೆ ಬಿಳಿ ಶಾಲು ಹೊದಿಸುವುದು ಎಂದು ನಜೀರಸಾಬ ಠರಾವು ಮಾಡಿದ. ಪುಸ್ತಕಕ್ಕೆ ಯಾಕೆ ಶಾಲು ಎಂದು ಒಬ್ಬ ಕೇಳಿದ್ದಕ್ಕೆ, “ಮನಷ್ಯಾರಿಗೆ ಹೊದಿಸಿ ಹೊದಿಸಿ ಸಾಕಾಗೇತಿ, ಪುಸ್ತಕರೆ ಭಾಷಣ ಮಾಡಂಗಿಲ್ಲ” ಎಂದ.

“ಆದ್ರ ತೀರ್ಪು ಕೊಡಾಕ ಒಂಬತ್ತೂ ಓದಿದಾಂವ ಬೇಕಲ್ಲ. ಯಾರದಾರ?” ಎಂದು ಇನ್ನೊಬ್ಬ ಕೇಳಿದ.

“ನಾನದೇನಿ!” ಅಂದ ತಿರಕಪ್ಪ.

ಈ ತಿರಕಪ್ಪ ಜವಳಿ ಅಂಗಡಿಯೊಂದರ ಗುಮಾಸ್ತ. ಧೋತರ ಕೇಳಿದವರಿಗೆ ಟಾವೆಲ್ಲು, ಟಾವೆಲ್ಲು ಕೇಳಿದವರಿಗೆ ದಿಂಬಿನ ಚೀಲ ತೋರಿಸುವುದು ಅವನ ಹುಟ್ಟುಗುಣ. ಡಂಬಳದಲ್ಲಿ ಹುಟ್ಟಿ, ಬೆಟಗೇರಿಗೆ ಬಂದು ಸೋದರತ್ತೆ ಶಂಕ್ರೆವ್ವನ ಮಗಳು ಕಳಕವ್ವನನ್ನು ಮದುವೆಯಾಗಿ ಮನೆ ಅಳಿಯನಾಗಿ ಉಳಿದವನು. ಮನೆ ಅತ್ತೆಯದು, ಮಗ್ಗಗಳು ಅತ್ತೆಯವು, ಮಾತೂ ಅತ್ತೆಯದೇ. ತನ್ನದು ಅಂತ ಒಂದಾದರೂ ಇರಲಿ ಎಂಬ ಆಸೆ ಇಂಥ ಗಂಡಸಿಗೆ ಸಹಜ. ಅದರಲ್ಲೂ ಬರುವ ಸೋಮವಾರ ಲಕ್ಷ್ಮೇಶ್ವರದಿಂದ ಬೀಗರಾಗುವವರು ಬಂದು ಮಗಳು ನೇತ್ರಾಳಿಗೆ ಸಕ್ಕರೆ ತಿನ್ನಿಸಿ ನಿಶ್ಚಯ ಮಾಡಿಕೊಂಡು ಹೋಗುವವರಿದ್ದರು. ಅವರ ಮುಂದೆ ತಾನು ಬರೀ ಮನೆ ಅಳಿಯನಲ್ಲ, ಜಿಲ್ಲೆಯ ಪ್ರಧಾನ ತೀರ್ಪುಗಾರ ಎಂದು ತೋರಿಸಿಕೊಳ್ಳಬೇಡವೇ? ಕಾರ್ಯಕ್ರಮ ಶನಿವಾರ, ನಿಶ್ಚಯ ಸೋಮವಾರ. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಪಂಚಾಂಗ ತೆಗೆದರೂ ಸಿಗುತ್ತಿರಲಿಲ್ಲ.

ಒಂಬತ್ತೂ ಓದಿದ್ದು ಸುಳ್ಳಲ್ಲ. ಗಟ್ಟಿಯಾಗಿಯೇ ಓದಿದ್ದ. ಶಂಕ್ರೆವ್ವನ ಮಗ್ಗದ ಮನೆಯಲ್ಲಿ ಸಂಜೆ ಹೊತ್ತು ಓಣಿಯ ಹೆಣ್ಣುಮಕ್ಕಳು ನೇಯುತ್ತ ಕೂತರೆ, ಹೊಸ್ತಿಲ ಮೇಲೆ ಕೂತು ಏನಾದರೂ ಓದಿ ಹೇಳುವುದು ಅಳಿಯನ ಕೆಲಸ. ಪುರಾಣಗಳು ಮುಗಿದವು, ಪತ್ತೇದಾರಿ ಮುಗಿದವು, ಕಡೆಗೆ ‘ಶನಿಯಾಚೆ’ ಬಂತು. ಗಂಡು ಸಂತಾನವಿಲ್ಲದ ಶಂಕ್ರೆವ್ವ ಮೊದಲನೇ ಪುಸ್ತಕದ ಅರ್ಧಕ್ಕೇ ನಿರಂಜನನನ್ನು ಮಗನ ಹಾಗೆ ಹಚ್ಚಿಕೊಂಡುಬಿಟ್ಟಳು. “ಶನಿ ದಾಟ್ಯಾನಲ್ಲೋ, ತಲಿಗೆ ಎಣ್ಣಿ ಹಚ್ಚಿಕೊಂಡು ಹೋಗ್ಯಾನೋ ಇಲ್ಲೋ” ಎಂದು ಮರುಗುವಳು. ನಾಗರಪಂಚಮಿಗೆ ಹುತ್ತಿಗೆ ಹಾಲೆರೆಯುವಾಗ ಅಪ್ಪನ ಪಾಲು, ಅಣ್ಣನ ಪಾಲು ಎಂದೆಲ್ಲ ಎರೆದ ಮೇಲೆ ನಿರಂಜನನ ಪಾಲು ಎಂದು ಒಂದು ಚಮಚ ಎರೆಯುವಳು.

ಇಂಥದ್ದರಲ್ಲಿ, ಮೂರು ವರ್ಷದ ಕೆಳಗೆ, ಆರನೇ ಪುಸ್ತಕದ ಕೊನೆಯ ಪುಟ ಬಂದಿತ್ತು. ತಿರಕಪ್ಪನ ಕಣ್ಣು ಬಾಯಿಗಿಂತ ಎರಡು ಸಾಲು ಮುಂದೆ ಓಡಿತು. ಅಯ್ಯಯ್ಯೋ! ನಿರಂಜನ ಸತ್ತಿದ್ದ! ತಲೆ ಎತ್ತಿ ನೋಡಿದರೆ ಎಲ್ಲ ಲಾಳಿಗಳೂ ನಿಂತಿದ್ದವು. ನೆರೆಮನೆಯ ಅಮೀನಬಿ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಶಂಕ್ರೆವ್ವ “ಮುಂದ?” ಎಂದಳು. ಅತ್ತೆಗೆ ಹಾಲು ಒಡೆದ ಸುದ್ದಿಯನ್ನೂ ಹೆಂಡತಿಯ ಕಡೆಯಿಂದ ಹೇಳಿಸುವ ಗಂಡಸು ಅವನು. “ಮುಂದ ಏನು, ಬದುಕಿದ!” ಎಂದು ಪುಸ್ತಕ ಮುಚ್ಚಿದ. ಮಗ್ಗದ ಮನೆಯಲ್ಲಿ ಬೆಲ್ಲ ಹಂಚಿದರು.

ಒಂದು ಸುಳ್ಳು ಹೇಳಿದವನ ಪಾಡು ಹೇಳಿ ಮುಗಿಯುವುದಲ್ಲ. ಮುಂದಿನ ಮೂರೂ ಪುಸ್ತಕಗಳಲ್ಲಿ ನಿರಂಜನ ಇಲ್ಲವೇ ಇಲ್ಲ. ತಿರಕಪ್ಪ ಅವನನ್ನು ಪುಟಪುಟಕ್ಕೂ ಹೊತ್ತುಕೊಂಡು ಓಡಾಡಬೇಕಾಯಿತು. ಹೊಸ ಕ್ಯಾಪ್ಟನ್ ಹೇಳಿದ್ದನ್ನೆಲ್ಲ ನಿರಂಜನನ ಬಾಯಿಗೆ ಹಾಕಿದ. ಊರ್ಮಿಳಾ ಅತ್ತಲ್ಲೆಲ್ಲ ಸಂತೋಷಕ್ಕೆ ಅತ್ತಳು ಎಂದ. ಅತ್ತೆ ಒತ್ತಾಯ ಮಾಡಿದಳೆಂದು ಇಬ್ಬರಿಗೂ ಮದುವೆ ಮಾಡಿಸಿದ. ಮದುವೆಯಾದ ಮೇಲೆ ಓಣಿಯವರು ಬಿಡುತ್ತಾರೆಯೇ? ಒಂದು ಕೂಸನ್ನೂ ಹುಟ್ಟಿಸಿದ. ಹೀಗೆ ಒಂಬತ್ತನೇ ಪುಸ್ತಕ ಸುಖವಾಗಿ ಮುಗಿದಾಗ ಅವನು ನಾಕು ಕಿಲೋ ಇಳಿದಿದ್ದ.

*

ಶನಿವಾರ ನೇಕಾರರ ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಂಕ್ರೆವ್ವ, ಕಳಕವ್ವ, ಅಮೀನಬಿ ಮತ್ತು ಇಡೀ ಓಣಿ. ವೇದಿಕೆಯ ಮೇಲೆ ಇಸ್ತ್ರಿ ಅಂಗಿಯ ತಿರಕಪ್ಪ; ಅವನ ಪಕ್ಕ ಉಪ ತೀರ್ಪುಗಾರರಾಗಿ ಮುಂಡರಗಿಯ ನಿವೃತ್ತ ವಿಜ್ಞಾನ ಶಿಕ್ಷಕ ಮಕ್ತುಮಸಾಬ ಮಾಸ್ತರರು. ಇವರಿಗೆ ಉಪ್ಪಿಟ್ಟಿನಲ್ಲಿ ಉಪ್ಪು ತಪ್ಪಿದರೂ ನಡೆದೀತು, ಸಂಗತಿ ತಪ್ಪಿದರೆ ನಡೆಯುವುದಿಲ್ಲ.

ತಿರಕಪ್ಪ ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದ. ತೀರ್ಪು ಕೊಡುವವನು ತಾನೇ ಅಂದಮೇಲೆ ಹೆದರಿಕೆ ಯಾಕೆ? ಆರನೇ ಪುಸ್ತಕದ ಹೆಸರೆತ್ತದಿದ್ದರೆ ಆಯಿತು. ಗಂಟಲು ಸರಿಮಾಡಿಕೊಂಡು, “ಸಭಿಕರೇ, ಅತಿ ಕರಾಳ ಪುಸ್ತಕ ಯಾವುದಂದ್ರ... ಮೂರನೇದು! ಅದರಾಗ ಒಂದು ಗ್ರಹದ ನೀರೆಲ್ಲಾ ಬತ್ತಿ ಹೋಗ್ತಾವ” ಎಂದ.

ಗದಗಿನ ಜನ ನೀರಿನ ಮಾತಿಗೆ ಬೇಗ ಕರಗುವವರು. ಚಪ್ಪಾಳೆ ಬಿತ್ತು. ನಜೀರಸಾಬ ಕಪ್ಪು ಶಾಲು ಬಿಚ್ಚಿದ.

“ತಡೀರಿ, ತಡೀರಿ,” ಮಾಸ್ತರರು ಎದ್ದರು. “ಮೂರನೇದು ಹೆಂಗ್ರೀ ಆಕ್ಕೈತಿ? ಆರನೇದು ಎಲ್ಲಿ ಹೋತು?”

ತಿರಕಪ್ಪ ಕಣ್ಣು ಮಿಟುಕಿಸಿದ. ಕೆಮ್ಮಿದ. ಮೇಜಿನ ಕೆಳಗೆ ಕಾಲು ಚಾಚಿದ.

“ಕಾಲು ಯಾಕ ತುಳೀತೀರಿ?” ಮಾಸ್ತರರು ಮೈಕಿನಲ್ಲೇ ಕೇಳಿದರು. “ನಾ ಹೇಳೂದು ಖರೆ ಐತಿ. ಆರನೇ ಪುಸ್ತಕದ ಕಡೀಕ ಕ್ಯಾಪ್ಟನ್ ನಿರಂಜನ ತನ್ನ ಮಂದಿ ಉಳೀಲಿ ಅಂತ ಉರಿಯೋ ಇಂಜಿನ್ನಿನೊಳಗ ತಾನ ಹೊಕ್ಕು ಸುಟ್ಟು ಬೂದಿ ಆಗ್ತಾನ. ಇದಕ್ಕಿಂತ ಕರಾಳ ಏನೈತ್ರಿ?”

ಮುಂದಿನ ಸಾಲಿನಿಂದ ಶಂಕ್ರೆವ್ವ ನಿಧಾನಕ್ಕೆ ಎದ್ದು ನಿಂತಳು.

“ಏನಂದ್ರಿ ಮಾಸ್ತರ? ಯಾರು ಸತ್ತ್ರು ಅಂದ್ರಿ?”

“ನಿರಂಜನ್ರೀ ತಾಯಿ.”

“ಯಾವಾಗ?”

“ಆರನೇ ಪುಸ್ತಕದಾಗ.”

ಶಂಕ್ರೆವ್ವ ಅಳಿಯನ ಕಡೆ ನೋಡಿದಳು. ಅಳಿಯ ಮೈಕಿನ ಹಿಂದೆ ಅಡಗಲು ನೋಡಿದ. ಮೈಕು ಸಣ್ಣದಿತ್ತು. ಅಷ್ಟರಲ್ಲಿ ಅತ್ತೆಗೆ ಎಲ್ಲ ತಿಳಿದುಹೋಯಿತು. “ಅಯ್ಯೋ ನನ್ನ ಮಗನ! ಉರಿ ಒಳಗ ಹೊಕ್ಕೇನೋ ನನ್ನಪ್ಪಾ! ನಿನ್ನ ಬಾಯಾಗ ನೀರು ಬಿಡಾಕ ಒಬ್ರೂ ಇರಲಿಲ್ಲೇನೋ!” ಎಂದು ಎದೆ ಬಡಿದುಕೊಂಡು ಕೂತುಬಿಟ್ಟಳು. ಆಕೆಯ ಹಿಂದೆ ಅಮೀನಬಿ, ಅಮೀನಬಿಯ ಹಿಂದೆ ಇಡೀ ಓಣಿ. ಹಾಡಿ ಹಾಡಿ ಅಳುವುದರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಹಿಂದಿನ ಸಾಲಿನವರಿಗೆ ಯಾರು ಸತ್ತರೆಂಬುದೇ ತಿಳಿಯಲಿಲ್ಲ, ಆದರೂ ಇಷ್ಟು ಜನ ಅಳುವಾಗ ತಾವು ಸುಮ್ಮನಿರುವುದು ಛಲೋ ಅಲ್ಲವೆಂದು ಟೋಪಿ ತೆಗೆದು ನಿಂತರು.

ಗದ್ದಲ ಕೇಳಿ ಬಾಗಿಲಲ್ಲಿದ್ದ ಪೊಲೀಸ್ ಪೇದೆ ಒಳಗೆ ಓಡಿಬಂದ. “ಏಯ್, ಯಾರು ಸತ್ತಾರ? ಹೆಣ ಎಲ್ಲೈತಿ?”

“ನಿರಂಜನ ಸತ್ತಾನ್ರೀ ಸಾಹೇಬ್ರ!” ಅಮೀನಬಿ ಅಳುತ್ತಲೇ ಹೇಳಿದಳು.

“ಅಪ್ಪನ ಹೆಸರು?”

ಎಲ್ಲರೂ ಮುಖ ಮುಖ ನೋಡಿಕೊಂಡರು. ಒಂಬತ್ತು ಪುಸ್ತಕಗಳಲ್ಲಿ ಅದನ್ನೊಂದು ಹೇಳಿರಲಿಲ್ಲ. ಆ ಯೋಚನೆಗೆ ಶಂಕ್ರೆವ್ವನ ಅಳು ಇನ್ನಷ್ಟು ಜೋರಾಯಿತು.

“ಹೆಂಗ ಸತ್ತ?”

“ಇಂಜಿನ್ನಿನಾಗ ಸಿಕ್ಕು,” ಎಂದ ನಜೀರಸಾಬ.

“ಹಂಗಾರ ರೈಲ್ವೇ ಪೊಲೀಸರಿಗೆ ಹೇಳ್ರಿ, ನಮಗ ಸಂಬಂಧ ಇಲ್ಲ.”

“ರೈಲಲ್ರೀ. ಶನಿಯಾಚೆ.”

“ಅದೆಲ್ಲಿ ಬರ್ತೈತಿ? ಮುಂಡರಗಿ ಕಡೆ ಏನು?”

“ಭಾಳ ಆಚಿಗ್ರಿ.”

“ಕೊರ್ಲಹಳ್ಳಿ ಹೊಳಿ ದಾಟಿ?”

“ಅದಕ್ಕೂ ಆಚಿಗೆ.”

ಪೇದೆಯ ಮುಖ ಅರಳಿತು. “ಹೊಳಿ ದಾಟಿದ್ರ ಅದು ನಮ್ಮ ಜಿಲ್ಲಾನ ಅಲ್ಲ! ಬಳ್ಳಾರಿಯವರು ನೋಡ್ಕೊಳ್ಳಲಿ. ಹೊಸ ಜಿಲ್ಲಾ ಆದಮ್ಯಾಲ ಹದ್ದು ಗೊತ್ತಿರಬೇಕು” ಎಂದು ಎಲ್ಲರಿಗೂ ಬುದ್ಧಿ ಹೇಳಿ ಹೊರಟುಹೋದ.

*

ರವಿವಾರ ಶಂಕ್ರೆವ್ವನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಾವಿನ ಮನೆಗೆ ನೆರೆಯವರು ಬುತ್ತಿ ತರುವುದು ಪದ್ಧತಿ. ಅಮೀನಬಿ ರೊಟ್ಟಿ, ಬ್ಯಾಳಿ ತಂದಿಟ್ಟಳು. ಮಗ್ಗಗಳ ಮೇಲೆ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲಿ ಶಂಕ್ರೆವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಬೆಟಗೇರಿಯಲ್ಲಿ ಎದ್ದ ಸುದ್ದಿ ಮೊದಲ ಬಸ್ಸಿನ ಕಂಡಕ್ಟರನ ಜೊತೆ ಹೊರಟಿತ್ತು. ಹೊರಡುವಾಗ ಅದು ‘ಶಂಕ್ರೆವ್ವನ ಮನೆಯಲ್ಲಿ ಗಂಡಸೊಬ್ಬ ಸತ್ತ’ ಎಂದಿತ್ತು. ಡಂಬಳ ಮುಟ್ಟುವಾಗ ಅದು ತಾನಾಗಿಯೇ ಲೆಕ್ಕ ಹಾಕಿಕೊಂಡಿತ್ತು: ಆ ಮನೆಯಲ್ಲಿ ಇರುವ ಗಂಡಸು ಒಬ್ಬನೇ. ಹತ್ತು ಗಂಟೆಗೆ ತಿರಕಪ್ಪನ ಅಣ್ಣ ಹನಮಪ್ಪ ಓಣಿಯ ತುದಿಯಿಂದಲೇ ಹೋ ಎಂದು ಅಳುತ್ತ ಬಂದ. ಅಂಗಳದಲ್ಲಿ ಅಳುವ ಹೆಂಗಸರು, ಆರಿದ ಒಲೆ, ಮುಚ್ಚಿದ ಮಗ್ಗ. ಇನ್ನೇನು ಬೇಕು?

“ತಮ್ಮಾ ತಿರಕಾ! ನಂಗಿಂತಾ ಮೊದಲ ಹ್ವಾದೇನೋ! ನಿನಗ ಒಂದು ದಿನಾನೂ ಬುದ್ಧಿ ಬರಲಿಲ್ಲಲ್ಲೋ! ಕಳಕವ್ವಾ, ಹೆಂಗ ಮಾಡ್ತಿಯವಾ ಇನ್ನ?”

“ಬಂದಿ ಏನಣ್ಣಾ?” ಹಿತ್ತಲಿನಿಂದ ತಿರಕಪ್ಪ ತಂಬಿಗೆ ಹಿಡಿದು ಬಂದ. “ಪ್ರಯಾಣ ಹೆಂಗಾತು?”

ಹನಮಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಒಂದು ಸಲ ತಮ್ಮನನ್ನು, ಒಂದು ಸಲ ತಂಬಿಗೆಯನ್ನು ನೋಡಿ ಅಲ್ಲೇ ಅಮೀನಬಿಯ ರೊಟ್ಟಿ ಬುಟ್ಟಿಯ ಮೇಲೆ ಕುಸಿದ. ನೀರು ಚಿಮುಕಿಸಿ ಎಬ್ಬಿಸಿ ನಡೆದದ್ದೆಲ್ಲ ಹೇಳಿದರು. ತಮ್ಮ ಬದುಕಿದ್ದಾನೆಂದು ಆತ ಸಂತೋಷಪಟ್ಟನೇ? ಇಲ್ಲ. “ಹೊಲದಾಗ ಆಳು ಬಿಟ್ಟು ಬಂದೇನಲೇ! ಒಂದು ಚೂರೂ ಸತ್ತಿಲ್ಲೇನು ನೀ?” ಎಂದು ಜಗಳಕ್ಕೆ ನಿಂತ.

ಇತ್ತ ತಿರಕಪ್ಪನಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಅತ್ತೆ ಒಂದೇ ಒಂದು ಮಾತು ಆಡಿದಾಗ. “ಸೂತಕದ ಮನಿ ಇದು. ವರ್ಷ ತುಂಬೋತನಕ ಇಲ್ಲಿ ಸಕ್ಕರಿ ಹಂಚೂದಿಲ್ಲ” ಎಂದಳು.

ಲಕ್ಷ್ಮೇಶ್ವರದ ಬೀಗ ರಾಮಪ್ಪ ಮೊದಲೇ ಖಂಡಿತವಾಗಿ ಹೇಳಿದ್ದ: ಈ ಸೋಮವಾರ ಆಗದಿದ್ದರೆ ಶಿರಹಟ್ಟಿಯ ಹೆಣ್ಣಿನವರಿಗೆ ಮಾತು ಕೊಡುವುದೇ ಸೈ. ಮೊಮ್ಮಗಳ ಉಡಿ ತುಂಬಬೇಕಾದವಳು ಅಜ್ಜಿ. ಅಜ್ಜಿಯೇ ಗೋಡೆಗೆ ಮುಖ ಮಾಡಿ ಕೂತರೆ ನಿಶ್ಚಯ ಎಲ್ಲಿಂದ ಆದೀತು? ನೇತ್ರಾ ಎರಡು ಸಲ ಕಣ್ಣೊರೆಸಿಕೊಂಡು ಅಪ್ಪನ ಎದುರು ಬಂದು ನಿಂತಳು. “ಅಪ್ಪಾ, ನನಗ ಸೋಮೇಶನ ಬೇಕು. ಅವನ್ನ ಬಿಟ್ಟು ಬ್ಯಾರೆ ಯಾರನೂ ಮಾಡ್ಕೊಳಂಗಿಲ್ಲ. ನೀನ ಮಾಡೀದಿ, ನೀನ ಸರಿ ಮಾಡು” ಎಂದಳು. ಕಳಕವ್ವ ಅಷ್ಟು ಉದ್ದ ಹೇಳಲಿಲ್ಲ. “ನೋಡ್ರಿ,” ಎಂದಷ್ಟೇ ಅಂದು ಲಟ್ಟಣಿಗೆ ತೋರಿಸಿದಳು.

ತಿರಕಪ್ಪ ಅತ್ತೆಯ ಹತ್ತಿರ ಹೋಗಿ ಕೂತ. “ಅತ್ತೀ, ಅದು ಕಥಿ ಐತಿ. ಖರೆ ಮನಷ್ಯಾ ಅಲ್ಲ ಅಂವ.”

“ನಿನಗ ಕಥಿ,” ಶಂಕ್ರೆವ್ವ ತಿರುಗಲಿಲ್ಲ. “ಸತ್ತಾಂವನ ಹೆಸರ್ಲೆ ಪಂಚಮಿ ಹಾಲು ಎರಿಸೀದಿ ನನ್ನ ಕಡಿಂದ. ಹುತ್ತಿನ ಮುಂದ ನನಗ ಸುಳ್ಳಾಡಿಸೀದಿ. ನಾಗಪ್ಪಗ ಏನು ಹೇಳ್ಲಿ ನಾ?”

ಉತ್ತರವಿಲ್ಲದಾಗ ಸುಮ್ಮನಿರುವುದು ಜಾಣರ ಲಕ್ಷಣ, ತಿರಕಪ್ಪ ಸುಮ್ಮನಿರಲಿಲ್ಲ. “ಸತ್ತಾನ ಖರೆ, ಆದ್ರ ಏಳನೇ ಪುಸ್ತಕದಾಗ ಎದ್ದು ಬಂದಾನಲ್ಲ? ನೀನ ಕೇಳೀದಿ!” ಎಂದುಬಿಟ್ಟ.

ಶಂಕ್ರೆವ್ವ ಈಗ ತಿರುಗಿದಳು. ದುಃಖಕ್ಕೆ ಮಾತಾಡಿಸಲು ಬಂದಿದ್ದ ನಜೀರಸಾಬನ ಕೈಚೀಲದಲ್ಲಿ ಅಷ್ಟೂ ಪುಸ್ತಕಗಳಿದ್ದವು. “ನಜೀರಾ, ಏಳನೇದು ತಗೀಪಾ. ಬರದದ್ದನ್ನ ಬರದಂಗ ಓದು.”

ನಜೀರಸಾಬ ಓದಿದ. “ನಿರಂಜನನ ಪ್ರತಿಮೆಗೆ ಮಾಲೆ ಹಾಕಿ ಊರ್ಮಿಳಾ ಕಣ್ಣೊರೆಸಿಕೊಂಡಳು...”

“ಅವನಿಗೆ ಸನ್ಮಾನ ಆತು ಅಂತ ಓದಿದ್ಯಲ್ಲೋ ನೀ!”

“ಮಾಲಿ ಇತ್ತಲ್ಲ ಅತ್ತೀ, ಅದಕ್ಕ...”

“ಅವರ ಲಗ್ನ?”

ನಜೀರಸಾಬ ಪುಟ ತಿರುವಿದ. ತಲೆ ಅಲ್ಲಾಡಿಸಿದ. ಲಗ್ನ ಇರಲಿಲ್ಲ.

“ಕೂಸು?” ಶಂಕ್ರೆವ್ವನ ದನಿ ಸಣ್ಣದಾಯಿತು. “ನಾನ ಹೆಸರಿಟ್ಟಿದ್ದೆನಲ್ಲ, ಬಸವಣ್ಣೆಪ್ಪ ಅಂತ. ಓಣಿಗೆಲ್ಲಾ ಗುಗ್ಗರಿ ಹಂಚಿದ್ದೆ.”

ನಜೀರಸಾಬ ಪುಸ್ತಕ ಮುಚ್ಚಿದ. ಅಂಗಳದಲ್ಲಿದ್ದವರೆಲ್ಲ ತಿಂದಿದ್ದರು ಆ ಗುಗ್ಗರಿ.

“ಯಾ ಅಲ್ಲಾ! ನಾ ಅದಕ್ಕ ಕುಲಾವಿ ಹೊಲದಿದ್ದೆ!” ಅಮೀನಬಿ ಚೀರಿದಳು. “ಕೆಂಪು ಗೊಂಡೆ ಹಚ್ಚಿದ್ದೆ! ಆ ಕೂಸರ ಹುಟ್ಟಿತ್ತೋ ಇಲ್ಲೋ ಬಾಡ್ಯಾ?”

ತಿರಕಪ್ಪನ ಕಣ್ಣಲ್ಲೂ ನೀರು ಬಂತು. ಕೂಸನ್ನು ಹುಟ್ಟಿಸಿದವನು ಅವನೇ ಅಲ್ಲವೇ? ಆದರೆ ಅವನನ್ನು ಸಂತೈಸಲು ಯಾರೂ ಬರಲಿಲ್ಲ. ಶಂಕ್ರೆವ್ವ ಎರಡನೇ ಸಲ ಗೋಡೆಗೆ ಮುಖ ಮಾಡಿದಳು. ಮುಂಚೆ ಒಂದು ಸಾವಿತ್ತು, ಈಗ ಎರಡಾದವು.

*

ಸೋಮವಾರ ಲಕ್ಷ್ಮೇಶ್ವರದ ಟೆಂಪೊ ಬಂದು ನಿಂತಿತು. ಇಳಿದವರು ರಾಮಪ್ಪ, ತಲೆ ತಗ್ಗಿಸಿದ ಮಗ ಸೋಮೇಶ, ಮತ್ತು ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡ ಸಣ್ಣ ಮುದುಕಿ. ಅದು ರಾಮಪ್ಪನ ತಾಯಿ ಫಕ್ಕೀರವ್ವ. ಸಕ್ಕರೆಯ ಚೀಲ ಟೆಂಪೊದಲ್ಲೇ ಉಳಿಯಿತು. ರಾಮಪ್ಪ ಅಂಗಳದಲ್ಲಿ ನಿಂತೇ ಮಾತಿಗೆ ತೊಡಗಿದ.

“ಕುಂಡ್ರಿ ಬೀಗರ,” ಎಂದ ತಿರಕಪ್ಪ.

“ಕುಂಡ್ರೂದು ಆಮ್ಯಾಲ. ನಿಮ್ಮನ್ಯಾಗ ಯಾವನೋ ನಿರಂಜನ ಸತ್ತಾನಂತ. ಅತ್ತೀಯವರು ನನ್ನ ಮಗಾ ನನ್ನ ಮಗಾ ಅಂತ ಅತ್ತಾರಂತ. ಸಂಬಂಧ ಮಾತಾಡುವಾಗ ಗಂಡು ಮಕ್ಕಳಿಲ್ಲ ಅಂದಿದ್ರಿ. ಮುಚ್ಚಿಟ್ಟ ಮಗಾ ಎಲ್ಲಿದ್ನರೀ? ಯಾವ ಊರಾಗಿದ್ದ? ಅವನ ಹೇಣ್ತಿ ಪಾಲು ಕೇಳ್ಕೊಂತ ನಾಳೆ ಬಂದ್ರ?”

“ಹೇಣ್ತಿ ಇಲ್ರಿ! ನಾನ ಲಗ್ನ ಮಾಡ್ಸಿದ್ದೆ, ಆದ್ರ ಅದು ಆಗಿರಲಿಲ್ಲ!”

“ಅಂದ್ರ?”

“ಕೂಸೂ ಇಲ್ರಿ! ಅದನ್ನೂ ನಾನ...”

ರಾಮಪ್ಪನ ಕಣ್ಣು ಹಣೆಗೇರಿದವು. “ಏ ಶಿವನ! ಎಂಥಾ ಮನಿಗೆ ಕರಕೊಂಡು ಬಂದಿದ್ರೋ ನನ್ನ!” ಎಂದು ಮಗನ ತೋಳು ಹಿಡಿದ. ಬಾಗಿಲ ಹಿಂದೆ ನೇತ್ರಾ ಬಳೆ ಸದ್ದಾಗುವಂತೆ ಗೋಡೆಗೆ ಒರಗಿದಳು. ಸೋಮೇಶ ಆ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ಮುಖ ಕೆಂಪು ಮಾಡಿಕೊಂಡ. ನಜೀರಸಾಬ ಅಡ್ಡ ಬಂದು, ಅದು ಪುಸ್ತಕದೊಳಗಿನ ಸಾವು ಎಂದು ಗಡಬಡಿಸಿ ಹೇಳಿದ. ಅದರಿಂದ ರಾಮಪ್ಪನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು.

“ಪುಸ್ತಕದಾಗಿನ ಮನಷ್ಯಾಗ ಸೂತಕ ಹಿಡಿದು ನಮ್ಮ ನಿಶ್ಚಯ ನಿಂದ್ರಸ್ತೀರೇನು? ಆತು. ಶಿರಹಟ್ಟಿಗೆ ನಡೀಪಾ ಟೆಂಪೊ!”

“ಯಾವ ನಿರಂಜನ?” ಎಂದಿತು ಒಂದು ಸಣ್ಣ ದನಿ.

ಎಲ್ಲರೂ ಹೊರಳಿದರು. ಫಕ್ಕೀರವ್ವ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು. ಸಾಕ್ಷರತಾ ವರ್ಗದಲ್ಲಿ ಅ ಆ ಕಲಿತ ಮೇಲೆ ಈ ಮುದುಕಿ ಶೇಂಗಾ ಕಟ್ಟಿದ ಕಾಗದವನ್ನೂ ಬಿಡದೆ ಓದುವವಳು.

“ಶನಿ ದಾಟಿ ಹ್ವಾದ ನಿರಂಜನನ? ಇಂಜಿನ್ನಿನಾಗ ಹೊಕ್ಕಾಂವ?”

“ನಿನಗ ಹೆಂಗ ಗೊತ್ತವಾ?” ರಾಮಪ್ಪ ಹೌಹಾರಿದ.

“ನಾಕು ವರ್ಷದ ಹಿಂದ, ದೀಪಾವಳಿ ಮುಂದ, ನಾ ಮೂರು ದಿನ ಉಂಡಿರಲಿಲ್ಲಲ್ಲ? ಹೊಟ್ಟಿ ನೋವಂತ ಗುಳಿಗಿ ಕೊಡಿಸಿದಿ. ಹೊಟ್ಟಿ ನೋವಲ್ಲ ಅದು. ಅಂವ ಸತ್ತಿದ್ದ.” ಮುದುಕಿ ಸೆರಗಿನಿಂದ ಮೂಗೊರೆಸಿದಳು. “ಯಾರ ಮುಂದ ಹೇಳ್ಲಿ? ನೀವು ನಗತಿದ್ರಿ. ಬಚ್ಚಲದಾಗ ಹೋಗಿ ಅತ್ತು ತಲಿ ಮ್ಯಾಲ ನೀರು ಹಾಕ್ಕೊಂಡು ಬಂದೆ.”

ರಾಮಪ್ಪ ಕಟ್ಟೆಯ ಮೇಲೆ ತಾನಾಗಿ ಕೂತ. ಒಳಗೆ ಗೋಡೆಗೆ ಮುಖ ಮಾಡಿದ್ದ ಶಂಕ್ರೆವ್ವ ಎದ್ದು ಹೊಸ್ತಿಲಿಗೆ ಬಂದಳು. ಎರಡು ದಿನದ ಮೇಲೆ ಆಕೆ ಎದ್ದದ್ದು ಅದೇ ಮೊದಲು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು. ಫಕ್ಕೀರವ್ವ ಹೋಗಿ ಆಕೆಯ ಕೈ ಹಿಡಿದು ಕೂತಳು. ಇಬ್ಬರೂ ಸೇರಿ ಒಂದು ಸಲ ಮನದಣಿಯೆ ಅತ್ತರು. ಯಾರೂ ನಗಲಿಲ್ಲ. ಹನಮಪ್ಪನೂ ಮೂಗೊರೆಸಿದ, ನಿನ್ನೆ ತಮ್ಮನ ಸಲುವಾಗಿ ತಂದ ಅಳು ಇನ್ನೂ ಅರ್ಧ ಉಳಿದಿತ್ತು.

“ಯಕ್ಕಾ,” ಫಕ್ಕೀರವ್ವ ಕಣ್ಣೊರೆಸಿಕೊಂಡು ಕೇಳಿದಳು, “ಸತ್ತ ಸುದ್ದಿ ವರ್ಷ ಕಳದ ಮ್ಯಾಲ ಮುಟ್ಟಿದ್ರ ನಿಮ್ಮ ಕಡೆ ಏನ ಮಾಡ್ತೀರಿ?”

“ಏನೈತಿ, ತಲಿ ಮ್ಯಾಲ ನೀರು ಹಾಕ್ಕೊಂತೀವಿ. ಅಲ್ಲಿಗೆ ಸೂತಕ ಹೋತು.”

“ಅಂವ ಸತ್ತು ನಾಕು ವರ್ಷ ಆತು. ನಿಮಗ ಮುಟ್ಟಿದ್ದು ಮೊನ್ನೆ.”

ಶಂಕ್ರೆವ್ವ ಯೋಚಿಸಿದಳು. ಓಣಿಯ ಹಿರಿಯರು ಯೋಚಿಸಿದರು. ಶಾಸ್ತ್ರದಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. “ಕಳಕವ್ವಾ, ನೀರು ಕಾಸು!” ಎಂದಳು ಶಂಕ್ರೆವ್ವ.

ನೇತ್ರಾಳೇ ಓಡಿಹೋಗಿ ಒಲೆ ಹಚ್ಚಿದಳು. ಇಷ್ಟು ಬೇಗ ನೀರು ಕಾದದ್ದನ್ನು ಆ ಮನೆ ಕಂಡಿರಲಿಲ್ಲ. ಶಂಕ್ರೆವ್ವನ ತಲೆಯ ಮೇಲೆ ಫಕ್ಕೀರವ್ವನೇ ನೀರು ಸುರಿದಳು. ಹುಟ್ಟದ ಕೂಸಿಗೆ ಸೂತಕ ಎಷ್ಟು ದಿನ ಎಂದು ಅಮೀನಬಿ ಕೇಳಿದ್ದಕ್ಕೆ, ಅದಕ್ಕೂ ಇದರಲ್ಲೇ ಬಂತೆಂದು ಒಂದು ತಂಬಿಗೆ ಹೆಚ್ಚಿಗೆ ಸುರಿದರು. ಟೆಂಪೊದಿಂದ ಸಕ್ಕರೆಯ ಚೀಲ ಇಳಿಯಿತು. ಒದ್ದೆ ಕೂದಲಲ್ಲೇ ಅಜ್ಜಿ ಮೊಮ್ಮಗಳ ಉಡಿ ತುಂಬಿದಳು. ಸೋಮೇಶ ಮೊದಲ ಸಲ ತಲೆ ಎತ್ತಿ ನಕ್ಕ. ತಿರಕಪ್ಪನ ಬಾಯಿಗೆ ಸಕ್ಕರೆ ಹಾಕಲು ಮಾತ್ರ ಎಲ್ಲರೂ ಮರೆತರು. ಅತ್ತೆ ಅವನ ಕಡೆ ಇನ್ನೂ ನೋಡಿರಲಿಲ್ಲ.

ಇದೇ ಹೊತ್ತಿಗೆ ನಜೀರಸಾಬ ಎರಡು ಶಾಲು ಹಿಡಿದು ಮುಂದೆ ಬಂದ. “ತೀರ್ಪು ಅರ್ಧಕ್ಕ ನಿಂತೈತ್ರಿ. ಇಬ್ಬರೂ ಹಿರಿಯಾರದೀರಿ, ನೀವ ಹೇಳಿಬಿಡ್ರಿ.”

“ಕರಿ ಶಾಲು ಆರನೇದಕ್ಕ,” ಎಂದಳು ಫಕ್ಕೀರವ್ವ. ಶಂಕ್ರೆವ್ವ ಹೌದೆಂದು ತಲೆಯಾಡಿಸಿದಳು.

“ಹಗುರಾದದ್ದು?”

“ನಾಕನೇದು,” ಎಂದಳು ಫಕ್ಕೀರವ್ವ.

“ಏಳನೇದು,” ಎಂದಳು ಶಂಕ್ರೆವ್ವ.

ಫಕ್ಕೀರವ್ವ ಬೆಚ್ಚಿ ಬಿದ್ದಳು. “ಏಳನೇದಾ? ಯಕ್ಕಾ, ಅದು ಬರೇ ಅಳೂದು! ಪುಟ ಪುಟಕ್ಕ ಅಳೂದು!”

“ನಿಮ್ಮ ಊರಾಗ. ನಮ್ಮನ್ಯಾಗ ಏಳನೇದ್ರಾಗ ಅಂವ ಇದ್ದ. ಲಗ್ನ ಆತು, ಕೂಸು ಆತು. ನಕ್ಕೊಂತ ನೇದೇವಿ ನಾವು.”

ಫಕ್ಕೀರವ್ವ ಆಕೆಯ ಹತ್ತಿರ ಸರಿದಳು. ಆಮೇಲೆ ಬೇರೆಯವರಿಗೆ ಕೇಳಿಸದ ಹಾಗೆ, ಆದರೆ ಎಲ್ಲರಿಗೂ ಕೇಳಿಸಿತು, “ಯಕ್ಕಾ, ನಿಮ್ಮ ಏಳನೇದನ್ನ ನನಗಿಷ್ಟು ಓದಿ ಹೇಳಸ್ತೀರೇನು?” ಎಂದಳು.

ತಿರಕಪ್ಪನಿಗೆ ಜೀವ ಬಂದಂತಾಯಿತು. ತನ್ನ ಸುಳ್ಳನ್ನು ಬೇಡಿ ಕೇಳುವವರೂ ಇದ್ದಾರಲ್ಲ! ಅವಸರದಿಂದ ಪುಸ್ತಕ ಎತ್ತಿಕೊಂಡ. ಬಾಯಿ ತೆರೆದ. ಆದರೆ ಯಾವ ಪುಟದಲ್ಲಿ ಯಾವ ಸುಳ್ಳು ಸೇರಿಸಿದ್ದೆನೆಂಬುದೇ ಮರೆತುಹೋಗಿತ್ತು. “ಆಗ ನಿರಂಜನ... ಕೂಸು ಎತ್ತಿಕೊಂಡು...”

“ಸುಡ್ಲಿ! ಇಲ್ಲಿಗಿನ್ನೂ ಲಗ್ನಾನ ಆಗಿಲ್ಲ, ಕೂಸು ಎಲ್ಲಿಂದ ಎತ್ತಸ್ತಿ?” ಶಂಕ್ರೆವ್ವ ಅವನ ಕೈಯಿಂದ ಪುಸ್ತಕ ಕಸಿದುಕೊಂಡಳು. “ಕೊಡಿಲ್ಲೆ.”

ಜನ್ಮದಲ್ಲಿ ಒಂದು ಅಕ್ಷರ ಕಲಿಯದ ಶಂಕ್ರೆವ್ವ ಗೋಡೆಗೆ ಆನಿಕೊಂಡು ಪುಸ್ತಕ ಬಿಚ್ಚಿದಳು. ಪುಸ್ತಕ ತಲೆಕೆಳಗಾಗಿತ್ತು. ಓದು ಬಲ್ಲ ಫಕ್ಕೀರವ್ವ ಅದನ್ನು ಕಂಡೂ ಏನೂ ಹೇಳಲಿಲ್ಲ, ಕಾಲು ಚಾಚಿ ಆರಾಮಾಗಿ ಕೂತಳು. ಶಂಕ್ರೆವ್ವ ಓದತೊಡಗಿದಳು. ಉರಿಯೊಳಗಿಂದ ನಿರಂಜನ ಮೈ ಕೊಡವಿ ಎದ್ದು ಬಂದ. ಊರ್ಮಿಳಾ ಸಂತೋಷಕ್ಕೆ ಅತ್ತಳು. ತಿರಕಪ್ಪ ಹೇಳಿದ್ದರಲ್ಲಿ ಒಂದು ಮಾತೂ ಬಿಟ್ಟುಹೋಗಲಿಲ್ಲ. ಅಷ್ಟು ವರ್ಷದ ಕೆಳಗೆ ಅವನು ಕೆಮ್ಮಿದ್ದ ಜಾಗದಲ್ಲಿ ಆಕೆಯೂ ಕೆಮ್ಮಿದಳು. ಅಮೀನಬಿ, ರಾಮಪ್ಪ, ಟೆಂಪೊದ ಡ್ರೈವರ್ ಎಲ್ಲರೂ ಹತ್ತಿರ ಸರಿದು ಕೂತರು.

ಎರಡು ಪುಟ ತಿರುವಿದ ಮೇಲೆ ಶಂಕ್ರೆವ್ವ ಓದು ನಿಲ್ಲಿಸಿದಳು. ಪುಸ್ತಕದ ಮೇಲಿಂದ ಅಳಿಯನನ್ನು ನೋಡಿದಳು.

“ಆ ನೌಕಾದಾಗ ಒಬ್ಬ ಮನಿ ಅಳಿಯ ಇದ್ದ,” ಎಂದು ಓದಿದಳು.

ಇಂಥವನನ್ನು ತಿರಕಪ್ಪ ಯಾವ ಪುಟದಲ್ಲೂ ಇಟ್ಟಿರಲಿಲ್ಲ.

“ಅಂವ ಬಾಯಿ ತಗದ್ರ ಸುಳ್ಳಾಡ್ತಿದ್ದ. ನೌಕಾದ ಮಂದಿಗೆಲ್ಲಾ ಸಾಕಾಗಿ, ಶನಿ ಸನೇಕ ಬಂದಾಗ ಬಾಗಿಲಾ ತಗದು ಅವನ್ನ ಹೊರಗ ನೂಕಿದ್ರು.”

“ಯವ್ವಾ!” ಫಕ್ಕೀರವ್ವ ಎದೆ ಮುಟ್ಟಿಕೊಂಡಳು. “ಸತ್ತನೇನ ಯಕ್ಕಾ?”

ಕಳಕವ್ವ ಗಂಡನ ಪಕ್ಕಕ್ಕೆ ಸರಿದು ನಿಂತಳು. ಶಂಕ್ರೆವ್ವ ಪುಸ್ತಕವನ್ನು ಕಣ್ಣಿನ ಹತ್ತಿರ ತಂದು, ಬೆರಳು ಇಟ್ಟು, ಸಾಲನ್ನು ಹುಡುಕಿದಳು. ಹುಡುಕಲು ಬಹಳ ಹೊತ್ತು ಹಿಡಿಯಿತು.

“ಇಲ್ಲವಾ, ಸಾಯಲಿಲ್ಲ,” ಎಂದು ಕಡೆಗೆ ಓದಿದಳು. “ಮನ್ಯಾಗ ಮಗಳ ಲಗ್ನ ಐತಿ, ಚಪ್ಪರ ಹಾಕಾಕ ಆಳು ಬೇಕು ಅಂತ ಒಳಗ ಕರಕೊಂಡ್ರು.”